ಬಹುಭಾಷಾ ಪ್ರೋಗ್ರಾಮುಗಳ ಯಂತ್ರರಚಿತ ವಿವರಣೆ: ಒಂದು ವಿಮರ್ಶೆ

ದಾಖಲೆಯೊಂದನ್ನು ಕೈಗೆತ್ತಿಕೊಂಡ ಇತಿಹಾಸದ ವಿದ್ಯಾರ್ಥಿಯು, ಅದು ಏನು ಹೇಳುತ್ತದೆಂಬುದಕ್ಕೆ ಮೊದಲು, ಅದನ್ನು ಬರೆದವರು ಯಾರು, ಯಾವ ಮೂಲವನ್ನು ನೋಡಿ ಬರೆದರು ಎಂದು ಕೇಳುತ್ತಾನೆ. ಗಣಕಯಂತ್ರದ ಪ್ರೋಗ್ರಾಮುಗಳಿಗೆ ತಾವೇ ತಾವಾಗಿ ವಿವರಣೆಯನ್ನು ಸಿದ್ಧಪಡಿಸುವ ಸಾಧನಗಳಿಗೂ ಈ ಪ್ರಶ್ನೆ ಸಲ್ಲುತ್ತದೆ. ಪ್ರೋಗ್ರಾಮಿನ ನಡುವೆ ಅದರ ಕರ್ತೃವು ಬರೆದಿಟ್ಟ ಟಿಪ್ಪಣಿಗಳನ್ನೂ ಫಂಕ್ಷನ್ನುಗಳ ಹೆಸರು, ರೂಪಗಳನ್ನೂ ಓದಿ ಪುಟಗಳನ್ನಾಗಿ ಜೋಡಿಸಿಕೊಡುವುದು ಇವುಗಳ ಕಾರ್ಯ. ಇಂಥ ಸಾಧನವೊಂದು ಅನೇಕ ಪ್ರೋಗ್ರಾಮಿಂಗ್ ಭಾಷೆಗಳನ್ನು ಬಲ್ಲುದೆಂದು ಹೇಳಿದಾಗ, ವಾಸ್ತವವಾಗಿ ಅದು ಎಷ್ಟನ್ನು ಬಲ್ಲುದೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವರ್ಗದ ಸಾಧನಗಳಲ್ಲಿ ಡಾಕ್ಸಿಜನ್ ಪ್ರಸಿದ್ಧವಾದುದು. ದಿಮಿತ್ರಿ ವಾನ್ ಹೀಶ್ ಎಂಬುವರು 1997ರಲ್ಲಿ ಇದನ್ನು ಪ್ರಕಟಿಸಿದರು. ಸಿ ಪ್ಲಸ್ ಪ್ಲಸ್ ಇದರ ತವರು. ಕಾಲಕ್ರಮದಲ್ಲಿ ಸಿ, ಜಾವಾ, ಪೈಥಾನ್, ಪಿಎಚ್‌ಪಿ, ಫೋರ್ಟ್ರಾನ್, ವಿಎಚ್‌ಡಿಎಲ್ ಮುಂತಾದವು ಇದರ ವ್ಯಾಪ್ತಿಗೆ ಬಂದುವು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಹುಟ್ಟೂರಿನ ನುಡಿ ಈ ಸಾಧನವನ್ನು ಬಿಟ್ಟಿಲ್ಲ. ಜಾವಾ ಅಥವಾ ಪೈಥಾನ್ ಭಾಷೆಗೆ ಒಪ್ಪುವಂತೆ ಫಲಿತವನ್ನು ಪಡೆಯಬೇಕಾದರೆ ಪ್ರತ್ಯೇಕವಾದ ಆಯ್ಕೆಯೊಂದನ್ನು ಸೂಚಿಸಬೇಕು. ಆಗ ‘ನೇಮ್‌ಸ್ಪೇಸ್’ ಎಂಬುದು ‘ಪ್ಯಾಕೇಜ್’ ಎಂದು ಅಚ್ಚಾಗುತ್ತದೆ. ಇಡೀ ಯೋಜನೆ ಆ ಭಾಷೆಗಳದೇ ಆಗಿದ್ದಲ್ಲಿ ಮಾತ್ರ ಈ ಆಯ್ಕೆ ಸಲ್ಲುತ್ತದೆಂದು ಅದರ ಕೈಪಿಡಿಯೇ ಹೇಳುತ್ತದೆ. ಎಂದರೆ, ಬಹುಭಾಷಾ ಸಾಮರ್ಥ್ಯದ ಅಗತ್ಯ ನಿಜವಾಗಿ ಎಲ್ಲಿದೆಯೋ, ಹಲವು ಭಾಷೆಗಳು ಒಂದೇ ಯೋಜನೆಯಲ್ಲಿ ಬೆರೆತಿರುವ ಆ ಸಂದರ್ಭದಲ್ಲಿಯೇ, ಒಂದು ಭಾಷೆಯ ಪರಿಭಾಷೆಯನ್ನು ಉಳಿದವುಗಳ ಮೇಲೆ ಹೇರಬೇಕಾಗುತ್ತದೆ.

ಪರಿಭಾಷೆಯ ದೋಷ ಸಹಿಸಬಹುದಾದುದು. ಟಿಪ್ಪಣಿಯೆಂಬುದರ ಸ್ವರೂಪದಲ್ಲಿಯೇ ಭಾಷೆ ಭಾಷೆಗೆ ಭೇದವಿರುವುದು ಇದಕ್ಕಿಂತ ಗಹನವಾದ ವಿಷಯ. ಸಿ ಪ್ಲಸ್ ಪ್ಲಸ್‌ನಲ್ಲಿ ಟಿಪ್ಪಣಿಯು ಮನುಷ್ಯರಿಗಾಗಿ ಬರೆದುದು. ಕಂಪೈಲರ್ ಅದನ್ನು ಬದಿಗೆ ತಳ್ಳುತ್ತದೆ. ಪೈಥಾನ್‌ನಲ್ಲಾದರೋ ಡಾಕ್‌ಸ್ಟ್ರಿಂಗ್ ಪ್ರೋಗ್ರಾಮಿನ ಅಂಗ. ಪ್ರೋಗ್ರಾಮ್ ನಡೆಯುತ್ತಿರುವಾಗಲೂ ಅದು ಉಳಿದಿರುತ್ತದೆ, ‘ಹೆಲ್ಪ್’ ಎಂದು ಕೇಳಿದವರ ಮುಂದೆ ಬಂದು ನಿಲ್ಲುತ್ತದೆ. ಡಾಕ್ಸಿಜನ್ ಸಾಮಾನ್ಯ ಏರ್ಪಾಡಿನಲ್ಲಿ ಈ ಡಾಕ್‌ಸ್ಟ್ರಿಂಗನ್ನು ಇದ್ದಂತೆಯೇ ಅಚ್ಚಿಸುತ್ತದೆಯೇ ಹೊರತು ಅದರೊಳಗಿನ ತನ್ನ ಸಂಕೇತಗಳನ್ನು ಗುರುತಿಸುವುದಿಲ್ಲ. ಸಂಕೇತಗಳು ಬೇಕಾದರೆ ಎರಡು ಹ್ಯಾಶ್ ಚಿಹ್ನೆಗಳಿಂದ ಆರಂಭವಾಗುವ ಟಿಪ್ಪಣಿಯನ್ನು ಬರೆಯಬೇಕು. ಹಾಗೆ ಬರೆದ ಟಿಪ್ಪಣಿಯನ್ನು ಪೈಥಾನ್ ಉಳಿಸಿಕೊಳ್ಳುವುದಿಲ್ಲ, ‘ಹೆಲ್ಪ್’ ಮೌನವಾಗುತ್ತದೆ. ಹೊರಗಿನ ಓದುಗನಿಗೆ ವಿವರಣೆ ದೊರಕಿಸಲು ಹೋಗಿ ಒಳಗಿನ ಬಳಕೆದಾರನ ವಿವರಣೆಯನ್ನು ಕಳೆದಂತಾಯಿತು. ಡಾಕ್‌ಸ್ಟ್ರಿಂಗಿನ ಮೊದಲಿಗೆ ಆಶ್ಚರ್ಯಸೂಚಕ ಚಿಹ್ನೆಯನ್ನಿಡುವ ಉಪಾಯವೂ ಉಂಟು. ಆಗ ಆ ಚಿಹ್ನೆಯೂ ಡಾಕ್ಸಿಜನ್ನಿನ ಸಂಕೇತಗಳೂ ‘ಹೆಲ್ಪ್’ ಪುಟದಲ್ಲಿ ಕಸದಂತೆ ಬಿದ್ದಿರುತ್ತವೆ.

ತನಗೆ ತಿಳಿಯದ ಭಾಷೆಗಳಿಗೆ ಡಾಕ್ಸಿಜನ್ ಫಿಲ್ಟರಿನ ಮಾರ್ಗವನ್ನು ತೋರಿಸುತ್ತದೆ. ಮೂಲದ ಕೋಡನ್ನು ಬೇರೊಂದು ಪ್ರೋಗ್ರಾಮ್ ಮೊದಲು ಓದಿ, ಡಾಕ್ಸಿಜನ್ನಿಗೆ ಪರಿಚಿತವಾದ ಭಾಷೆಯಂತೆ ಕಾಣುವ ಪಾಠವನ್ನು ತಯಾರಿಸಿ ಅದರ ಮುಂದಿಡುತ್ತದೆ. ಸ್ವಾರಸ್ಯವೆಂದರೆ, ಸಾಮಾನ್ಯ ವ್ಯವಸ್ಥೆಯಲ್ಲಿ ವಿವರಣೆ ಹುಟ್ಟುವುದು ಈ ಕೃತಕ ಪಾಠದಿಂದ. ಪಕ್ಕದಲ್ಲಿ ಅಚ್ಚಾಗುವ ಕೋಡ್ ಮಾತ್ರ ಮೂಲದ್ದು. ಶಾಸನದ ಪಡಿಯಚ್ಚನ್ನು ಮುದ್ರಿಸಿ, ಅದರ ಕೆಳಗೆ ಬೇರೊಬ್ಬರು ತಿದ್ದಿಕೊಂಡ ಪಾಠದ ಅರ್ಥವನ್ನು ಕೊಟ್ಟಂತೆ ಇದು. ಯಾವ ಸಾಲು ತಿದ್ದುಪಡಿಯಿಂದ ಬಂದುದೆಂದು ಪುಟ ಹೇಳುವುದಿಲ್ಲ. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಊಹೆ ತಪ್ಪಲ್ಲ, ಊಹೆಯೆಂದು ಗುರುತುಮಾಡದಿರುವುದು ತಪ್ಪು.

ಎಲ್ಲವೂ ಒಂದೇ ಅಚ್ಚಿನಲ್ಲಿದ್ದರೆ ಓದುಗನಿಗೆ ಅನುಕೂಲವೆಂದು ಕೆಲವರು ವಾದಿಸಬಹುದು. ಅನುಕೂಲವೇನೋ ನಿಜ. ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ಆ ಗ್ರಂಥದ ಪ್ರಯೋಜನವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಓದುವವನಿಗೆ ತಾನು ಯಾವ ಭಾಷೆಯ ಮೂಲಕ ಯಾವ ಭಾಷೆಯನ್ನು ನೋಡುತ್ತಿದ್ದೇನೆಂಬುದು ಪ್ರತಿ ಸೂತ್ರದಲ್ಲೂ ಕಾಣುತ್ತಿರುತ್ತದೆ. ಯಂತ್ರರಚಿತ ಪುಟದಲ್ಲಿ ಅದು ಕಾಣದು.

ಗಿಯಾರ್ಗ್ ಬ್ರಾಂಡ್ಲ್ ಅವರು ಪೈಥಾನ್ ಭಾಷೆಯ ಕೈಪಿಡಿಗಾಗಿ ನಿರ್ಮಿಸಿ 2008ರಲ್ಲಿ ಪ್ರಕಟಿಸಿದ ಸ್ಫಿಂಕ್ಸ್ ಬೇರೆ ದಾರಿ ಹಿಡಿಯಿತು. 2010ರ 1.0 ಆವೃತ್ತಿಯಲ್ಲಿ ‘ಡೊಮೈನ್’ ಎಂಬ ವ್ಯವಸ್ಥೆ ಬಂದು, ಒಂದೊಂದು ಭಾಷೆಗೂ ಅದರದೇ ಪದಗಳೂ ಉಲ್ಲೇಖಕ್ರಮವೂ ದೊರೆತುವು. ತತ್ತ್ವದೃಷ್ಟಿಯಿಂದ ಇದೇ ಹೆಚ್ಚು ಪ್ರಾಮಾಣಿಕವಾದುದೆಂದು ನನ್ನ ಅಭಿಪ್ರಾಯ. ಇದಕ್ಕೂ ಬೆಲೆ ತೆರಬೇಕು. ಸ್ಫಿಂಕ್ಸ್‌ನ ಜೊತೆಗೆ ಬರುವ ‘ಆಟೋಡಾಕ್’ ತಾನಾಗಿ ಓದುವುದು ಪೈಥಾನನ್ನು ಮಾತ್ರ. ಅದೂ ಮಾಡ್ಯೂಲನ್ನು ಆಮದು ಮಾಡಿಕೊಂಡು, ಎಂದರೆ ಅದರ ಕೋಡನ್ನು ನಡೆಸಿ. ಸಿ ಪ್ಲಸ್ ಪ್ಲಸ್‌ನ ವಿವರಣೆಯನ್ನು ಕೈಯಿಂದಲೇ ಬರೆಯಬೇಕು, ಇಲ್ಲವೆ ಡಾಕ್ಸಿಜನ್ ಓದಿಕೊಟ್ಟುದನ್ನು ಬ್ರೀದ್ ಎಂಬ ಸೇತುವೆಯ ಮೂಲಕ ತರಿಸಿಕೊಳ್ಳಬೇಕು.

ಗಣಿತ, ವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳು ಬಳಸುವ ನಮ್‌ಪೈ ಇದಕ್ಕೆ ಒಳ್ಳೆಯ ನಿದರ್ಶನ. ಮೇಲ್ಮೈ ಪೈಥಾನ್, ಒಡಲು ಬಹುಮಟ್ಟಿಗೆ ಸಿ. ಅದರ ಸಿ ಕೋಡಿನ ಟಿಪ್ಪಣಿಗಳು ಡಾಕ್ಸಿಜನ್, ಬ್ರೀದ್, ಸ್ಫಿಂಕ್ಸ್ ಎಂಬ ಮೂರು ಕೈಗಳನ್ನು ದಾಟಿ ಪುಟಕ್ಕೆ ಬರುತ್ತವೆ. ಬಳಕೆದಾರನು ‘ಅರೇ’ ಎಂಬ ಫಂಕ್ಷನ್ನನ್ನು ಕುರಿತು ಓದುವ ವಿವರಣೆಯಾದರೋ ಆ ಸಿ ಕೋಡಿನ ಬಳಿಯಲ್ಲಿಲ್ಲ. ಬೇರೊಂದು ಪೈಥಾನ್ ಕಡತದಲ್ಲಿ ಇಂಥ ಡಾಕ್‌ಸ್ಟ್ರಿಂಗುಗಳನ್ನು ಸಂಗ್ರಹಿಸಿಟ್ಟು, ಗ್ರಂಥಾಲಯವನ್ನು ಆಮದು ಮಾಡಿಕೊಂಡಾಗ ಆಯಾ ಫಂಕ್ಷನ್ನಿಗೆ ಅಂಟಿಸಲಾಗುತ್ತದೆ. ವಿವರಣೆಯು ಕೋಡಿನ ಮಗ್ಗುಲಲ್ಲಿರಬೇಕೆಂಬುದು ಈ ಸಾಧನಗಳೆಲ್ಲದರ ಮೂಲತತ್ತ್ವ. ಎರಡು ಭಾಷೆಗಳ ಗಡಿಯಲ್ಲಿ ಅದೇ ಮುರಿದುಬೀಳುತ್ತದೆ. ಸ್ಫಿಂಕ್ಸ್ ಆ ಅಂಟಿಸಿದ ಪಾಠವನ್ನು ಉಳಿದವುಗಳೊಡನೆ ಒಂದೇ ರೀತಿಯಾಗಿ ಅಚ್ಚಿಸುತ್ತದೆ. ಅದರಲ್ಲಿರುವ ಉದಾಹರಣೆಗಳನ್ನು ಯಂತ್ರದಿಂದ ನಡೆಸಿ ಪರೀಕ್ಷಿಸಬಹುದು. ಉದಾಹರಣೆಗಳ ನಡುವಣ ಗದ್ಯವು ಸಿ ಕಡತದೊಡನೆ ಹೊಂದುತ್ತದೆಯೇ ಎಂಬುದನ್ನು ಎರಡನ್ನೂ ತೆರೆದಿಟ್ಟುಕೊಂಡು ಮನುಷ್ಯನೇ ನೋಡಬೇಕು.