ಇಳಿಜಾರು ಹತ್ತಿದ ಸ್ಕೂಟರು

ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಹೊಸದಾಗಿ ರೂಪಿಸಿದ ರಸ್ತೆಗಳಿಗೆ ಸಂದ ಹೊಗಳಿಕೆ ನ್ಯಾಯವಾದದ್ದೇ. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಫುಟ್‌ಪಾತ್ ಅಗಲವಾಯಿತು, ಗಾಲಿಕುರ್ಚಿ ಹತ್ತಲೆಂದು ಇಳಿಜಾರು ಬಂತು. ಆದರೆ ನಗರದಲ್ಲಿ ಇಂಥ ಇಳಿಜಾರಿನ ಲಾಭವನ್ನು ಧಾರಾಳವಾಗಿ ಪಡೆದವರು ಸ್ಕೂಟರಿನವರು. ‘ಐದೇ ನಿಮಿಷ ಸಾರ್’ ಎಂದು ನಿಲ್ಲಿಸಿ ಹೋದವರು ಸಂಜೆಗೆ ಬರುತ್ತಾರೆ.

ತಡೆಯಲೆಂದು ಗೂಟ ನೆಟ್ಟರು. ವಿನ್ಯಾಸ ಸೋಲುವುದು ಇಲ್ಲಿಯೇ. ಸ್ಕೂಟರಿನ ಹ್ಯಾಂಡಲ್ಲಿಗೂ ಗಾಲಿಕುರ್ಚಿಗೂ ಅಗಲದಲ್ಲಿ ಅಂಥ ವ್ಯತ್ಯಾಸವಿಲ್ಲ. ಕುರ್ಚಿಗೆ ಜಾಗ ಬಿಟ್ಟರೆ ಸ್ಕೂಟರೂ ನುಗ್ಗುತ್ತದೆ. ಸ್ಕೂಟರಿಗೆ ಬಿಗಿ ಮಾಡಿದರೆ ಕುರ್ಚಿಯಲ್ಲಿದ್ದವರು ಬಸ್ಸು, ಲಾರಿಗಳ ನಡುವೆಯೇ ಸಾಗಬೇಕು. ಬಂದವರು ಯಾರೆಂದು ಗೂಟಕ್ಕೆ ತಿಳಿಯದು. ತಿಳಿಯಬೇಕಾದದ್ದು ಪೊಲೀಸರಿಗೆ.

ಕಣ್ಣು ಕಾಣದವರ ಪಾಡು ಇನ್ನೂ ಬಿಗಡಾಯಿಸಿದ್ದು. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ ಉಬ್ಬು ಹಾಸುಗಲ್ಲು ನಮ್ಮಲ್ಲೂ ಬಂದಿದೆ: ಗೆರೆ ಇದ್ದರೆ ಮುಂದೆ ನಡೆ, ಚುಕ್ಕೆ ಇದ್ದರೆ ಎಚ್ಚರ. ಆ ಗೆರೆಯ ಮೇಲೆ ಬೈಕು ನಿಂತರೆ, ಗೆರೆ ನಂಬಿದವರನ್ನು ನೇರವಾಗಿ ಬೈಕಿಗೇ ಒಯ್ಯುತ್ತದೆ. ಬಿಳಿಕೋಲು ನೆಲ ಸವರುತ್ತದೆ. ಎರಡು ಚಕ್ರಗಳ ನಡುವೆ ತೂರಿದರೆ ಅದಕ್ಕೇನೂ ತಗಲದು. ಹ್ಯಾಂಡಲ್ ಎದೆಗೆ ತಾಗಿದಾಗ, ಕಾದ ಸೈಲೆನ್ಸರ್ ಕಾಲು ಸುಟ್ಟಾಗಲೇ ಗೊತ್ತಾಗುವುದು. ಕಾರಿನದು ಬೇರೆ ಬಗೆಯ ಹಾನಿ. ನಮ್ಮ ಫುಟ್‌ಪಾತುಗಳಲ್ಲಿ ಎಷ್ಟೋ ಚರಂಡಿಯ ಮೇಲಿನ ಚಪ್ಪಡಿಗಳು. ಭಾರಕ್ಕೆ ಬಿರುಕು ಬಿಡುತ್ತವೆ. ಕಾರು ಹೋದ ಮೇಲೂ ಆ ಸಂದು ವಯಸ್ಸಾದವರ ಕಾಲಿಗೆ ಕಾದಿರುತ್ತದೆ.

ಕಾನೂನಿಗೇನೂ ಬರವಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಫುಟ್‌ಪಾತ್ ಮೇಲಿನ ನಿಲುಗಡೆಯನ್ನು ನಿಷೇಧಿಸಿವೆ. ಅಡೆತಡೆಯಿಲ್ಲದ ಫುಟ್‌ಪಾತ್ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಜಾರಿ ಮಾತ್ರ ಬೇರೆ ಕಥೆ. ಬೆಂಗಳೂರಿನಲ್ಲಿ ವಾಹನ ಎಳೆದೊಯ್ಯುವ ಟೋಯಿಂಗ್ ಸಿಬ್ಬಂದಿಯ ದರ್ಪದ ಬಗ್ಗೆ ದೂರುಗಳು ಹೆಚ್ಚಿ 2022ರಲ್ಲಿ ಟೋಯಿಂಗನ್ನೇ ನಿಲ್ಲಿಸಿದರು. ದೂರು ನಿಜವೇ, ಆದರೆ ದರ್ಪ ನಿಲ್ಲಿಸಬೇಕಾದಲ್ಲಿ ಕೆಲಸ ನಿಲ್ಲಿಸಿದ್ದು ನಮ್ಮ ಆಡಳಿತದ ಹಳೆಯ ಚಾಳಿ. ಅತ್ತ ಎಡಿನ್‌ಬರೊ ನಗರ 2024ರ ಜನವರಿಯಿಂದ ಫುಟ್‌ಪಾತ್ ಮೇಲಿನ ನಿಲುಗಡೆಗೆ 100 ಪೌಂಡ್ ದಂಡ ಹಾಕುತ್ತಿದೆ.

ಇಲ್ಲಿ ಸಂಚಾರ ಪೊಲೀಸರ ‘ಪಬ್ಲಿಕ್ ಐ’ ಸೇವೆಗೆ ಸಾರ್ವಜನಿಕರೇ ಇಂಥ ತಪ್ಪಿನ ಫೋಟೊ ತೆಗೆದು ಕಳಿಸಬಹುದು. ಒಳ್ಳೆಯ ಯೋಚನೆಯೇ. ಆದರೆ ಬೈಕಿಗೆ ಡಿಕ್ಕಿ ಹೊಡೆದ ಅಂಧರು ನಂಬರ್ ಪ್ಲೇಟಿಗೆ ಕ್ಯಾಮೆರಾ ಹಿಡಿಯುವುದು ಹೇಗೆ? ಜಾಗ ಹೇಳಿ ಒಂದು ಫೋನ್ ಮಾಡಿದರೆ ಪೇದೆಯೊಬ್ಬರು ಬಂದು ವಾಹನ ತೆಗೆಸುವಂತಿರಬೇಕು. ಸಾಕ್ಷ್ಯ ಹೊಂದಿಸುವ ಹೊರೆ ಪೆಟ್ಟು ತಿಂದವರದಲ್ಲ.