ಹಸಿ ಕಾಲು, ಒಣ ಕೋಲು

ನಮ್ಮನೆ ಊಟದ ಮೇಜಿನ ನಾಲ್ಕು ಕುರ್ಚಿಗಳಲ್ಲಿ ಮೂರು ಕಿರುಗುಟ್ಟುತ್ತವೆ. ಕೊಂಡು ಎರಡು ವರ್ಷ ಆಗಿದೆ ಅಷ್ಟೆ. ಅಂಗಡಿಯವರನ್ನು ಕೇಳಿದರೆ ‘ಸ್ಕ್ರೂ ಟೈಟ್ ಮಾಡ್ಕೊಳ್ಳಿ ಸಾರ್’. ಮಾಡ್ಕೊಂಡೆ; ತಿಂಗಳಲ್ಲಿ ಮತ್ತೆ ಸಡಿಲ. ಆ ಸಿಟ್ಟಲ್ಲೇ ಜೆನ್ನಿ ಅಲೆಕ್ಸಾಂಡರ್ ಅವರ ‘ಮೇಕ್ ಎ ಚೇರ್ ಫ್ರಮ್ ಎ ಟ್ರೀ’ ಓದಿದ್ದು. 1978ರಲ್ಲಿ ಮೊದಲು ಬಂದ ಪುಸ್ತಕ, ಆಗ ಮುಖಪುಟದಲ್ಲಿದ್ದ ಹೆಸರು ಜಾನ್. ಬರೆದವರು ಅಮೆರಿಕದ ಬಾಲ್ಟಿಮೋರಿನಲ್ಲಿ ವಕೀಲರಾಗಿದ್ದವರು. ಅದಕ್ಕೇ ಇರಬೇಕು, ಪ್ರತಿ ಹೆಜ್ಜೆಗೂ ಕಾರಣ ಕೊಡ್ತಾರೆ.

ಮೊದಲ ಕಾರಣ ನಾರಿನದು. ಇಲ್ಲಿ ಮರವನ್ನು ಕೊಯ್ಯೋದಿಲ್ಲ, ಬೆಣೆ ಹೊಡೆದು ಸೀಳ್ತಾರೆ. ಗರಗಸ ನಾರನ್ನು ಕತ್ತರಿಸಿಕೊಂಡು ನೇರ ಹೋಗುತ್ತೆ, ಸೀಳು ನಾರಿನ ಹಿಂದೆಯೇ ಹೋಗುತ್ತೆ. ಹಾಗಾಗಿ ತುದಿಯಲ್ಲಿ ಮುಕ್ಕಾಲು ಇಂಚೂ ಇಲ್ಲದ ಅಡ್ಡಕೋಲುಗಳು ಮನುಷ್ಯನ ಭಾರ ತಡೀತವೆ.

ಎರಡನೆಯದು ನೀರಿನದು. ಪುಸ್ತಕದ ಜೀವ ಇರೋದೇ ಇಲ್ಲಿ. ಕುರ್ಚಿಯ ಕಾಲಲ್ಲಿ ಇನ್ನೂ ಸ್ವಲ್ಪ ಹಸಿ ಇರಬೇಕು, ಅಡ್ಡಕೋಲು ಮಾತ್ರ ಗರಿಗರಿ ಒಣಗಿರಬೇಕು. ಕೊಡತಿಯಲ್ಲಿ ಬಡಿದು ಕೂರಿಸಿದ ಮೇಲೆ ಕೋಲು ತೇವ ಹೀರಿ ಹಿಗ್ಗುತ್ತೆ, ಕಾಲು ಒಣಗುತ್ತಾ ಅದನ್ನು ಅಪ್ಪಿಕೊಳ್ಳುತ್ತೆ. ಮಳೆಗಾಲದಲ್ಲಿ ಬಾಗಿಲು ಸಿಕ್ಕಿಕೊಂಡಾಗ ಒದೀತೀವಲ್ಲ, ಅದೇ ಹಿಗ್ಗನ್ನು ಇವರು ಕೆಲಸಕ್ಕೆ ಹಚ್ಚಿದ್ದಾರೆ. ಸಾಲದ್ದಕ್ಕೆ, ಒಂದು ಕೋಲಿನ ತೂತು ಪಕ್ಕದ ಕೋಲಿನ ತುದಿಯನ್ನು ಚೂರು ಕಚ್ಚಿಕೊಂಡು ಹೋಗೋ ಹಾಗೆ ಕೊರೀತಾರೆ. ಒಂದಕ್ಕೊಂದು ಬೀಗ.

ಇಷ್ಟು ಓದಿ ನಮ್ಮ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿದೆ. ಕಾಲಿನ ನಾರು ಓರೆಯಾಗಿ ಬಂದು ಸರಿಯಾಗಿ ಸ್ಕ್ರೂ ತೂತಿನ ಹತ್ತಿರವೇ ಹೊರಗೆ ಮುಗಿದಿತ್ತು. ಕೂದಲೆಳೆ ಬಿರುಕೂ ಇತ್ತು. ಸ್ಕ್ರೂ ಪಾಪ ಏನು ಮಾಡುತ್ತೆ?

ತಕರಾರು ಇಲ್ಲ ಅಂತಲ್ಲ. ಆಗಷ್ಟೇ ಕಡಿದ, ಗಂಟಿಲ್ಲದ ಓಕ್ ದಿಮ್ಮಿ ನಿಮಗೆ ಸಿಕ್ಕೇ ಸಿಗುತ್ತೆ ಅನ್ನೋ ನಂಬಿಕೆ ಮೇಲೆ ಪುಸ್ತಕ ನಿಂತಿದೆ. ಮೂರನೇ ಮಹಡಿಯ ಬಾಡಿಗೆ ಮನೆಯವನು ಟಿಂಬರ್ ಡಿಪೋಗೆ ಹೋಗಿ ‘ಹಸಿ ದಿಮ್ಮಿ ಕೊಡಿ, ಸೀಳ್ಕೋತೀನಿ’ ಅಂದರೆ ನಗ್ತಾರೆ. ನನಗೂ ನಕ್ಕರು.

ಕೊನೆಗೆ ರಸ್ತೆ ಬದಿ ಕಡಿದು ಹಾಕಿದ್ದ ಕೊಂಬೆ ತಂದು ಒಂದೇ ಒಂದು ಕೋಲು ಹೆರೆದೆ. ತುದಿಯನ್ನು ಅಳತೆಗೆ ಸರಿಯಾಗಿ ದುಂಡಗೆ ಮಾಡಿ ಫ್ರಿಜ್ಜಿನ ಹಿಂದೆ ಮೂರು ವಾರ ಒಣಗಿಸಿದೆ. ತೆಗೆದು ನೋಡಿದರೆ ತುದಿ ಮೊಟ್ಟೆಯಾಕಾರ. ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗೋದಿಲ್ಲವಂತೆ. ಮೊದಲು ದಪ್ಪಗೆ ಬಿಟ್ಟು ಒಣಗಿಸಿ, ಆಮೇಲೆ ಅಳತೆಗೆ ತರಬೇಕಂತೆ. ಪುಸ್ತಕದಲ್ಲಿ ಇತ್ತು. ಆ ಪುಟ ಹಾರಿಸಿದ್ದೆ.