ಪ್ರಯೋಗಸಿದ್ಧಿ ಮತ್ತು ಪ್ರೇಕ್ಷಕಧರ್ಮ

ನಾಟಕವನ್ನು ಕುರಿತ ನಮ್ಮ ವಿಮರ್ಶೆಗಳು ಸಾಮಾನ್ಯವಾಗಿ ಕವಿ, ನಿರ್ದೇಶಕ, ನಟ ಈ ಮೂವರಲ್ಲಿಯೇ ಮುಗಿದುಹೋಗುತ್ತವೆ. ರಂಗದ ಎದುರಿಗೆ ಕುಳಿತವನ ಗುಣದೋಷಗಳನ್ನು ವಿಚಾರಿಸುವವರು ವಿರಳ. ಭರತಮುನಿಯಾದರೋ ಹಾಗೆ ಮಾಡಲಿಲ್ಲ. ಪ್ರಯೋಗದ ಸಿದ್ಧಿಯನ್ನು ಕುರಿತೇ ನಾಟ್ಯಶಾಸ್ತ್ರದಲ್ಲಿ ಒಂದು ಅಧ್ಯಾಯವಿದೆ. ಅಲ್ಲಿ ಸಿದ್ಧಿಯ ಕುರುಹುಗಳನ್ನು ಹೆಚ್ಚಾಗಿ ಹುಡುಕಿರುವುದು ಪ್ರೇಕ್ಷಕನಲ್ಲಿ ಎಂಬುದು ಗಮನಾರ್ಹ.

ಆ ಸಿದ್ಧಿ ಮಾನುಷೀ, ದೈವಿಕೀ ಎಂದು ಎರಡು ಬಗೆ. ನಗುವುದು, 'ಸಾಧು', 'ಅಹೋ' ಎಂದು ಉದ್ಗರಿಸುವುದು, ರೋಮಾಂಚಗೊಳ್ಳುವುದು, ಆಸನ ಬಿಟ್ಟು ಏಳುವುದು, ಮೈಮೇಲಿನ ವಸ್ತ್ರವನ್ನೂ ಬೆರಳಿನ ಉಂಗುರವನ್ನೂ ಕೊಟ್ಟುಬಿಡುವುದು ಇವೆಲ್ಲ ಮಾನುಷೀ ಸಿದ್ಧಿಯ ಲಕ್ಷಣಗಳು. ಸಭೆಯು ತುಂಬಿ ತುಳುಕುತ್ತಿದ್ದರೂ ಶಬ್ದವಿಲ್ಲ, ಕ್ಷೋಭೆಯಿಲ್ಲ, ಅದು ದೈವಿಕೀ. ಚಪ್ಪಾಳೆಯೇ ಯಶಸ್ಸಿನ ಪರಮಾವಧಿಯೆಂದು ತಿಳಿದಿರುವ ನಾವು ಈ ವಿಂಗಡಣೆಯನ್ನು ಮನನ ಮಾಡಬೇಕು. ಗದ್ದಲವೂ ಮೆಚ್ಚುಗೆಯೇ, ಸಂದೇಹವಿಲ್ಲ. ಆದರೆ ಮೌನವು ಅದಕ್ಕಿಂತ ದೊಡ್ಡ ಮೆಚ್ಚುಗೆ.

ಈ ಮಾತಿಗೆ ನಮ್ಮ ವೃತ್ತಿರಂಗಭೂಮಿಯ ಇತಿಹಾಸವೇ ಸಾಕ್ಷಿ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿಯನ್ನು ಬಲ್ಲದ ಹಿರಿಯರು ಈ ಭಾಗದಲ್ಲಿ ಇಲ್ಲ. 1988ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ 2010ರಲ್ಲಿ ನಮ್ಮನ್ನಗಲಿದ ಚಿಂದೋಡಿ ಲೀಲಾ ಅವರ 'ಹಳ್ಳಿ ಹುಡುಗಿ' ನಾಟಕವು ಸಾವಿರಕ್ಕೂ ಮಿಕ್ಕಿ ಪ್ರಯೋಗಗಳನ್ನು ಕಂಡಿತು. ಬರೆದ ಮಾತು ಒಂದೇ ಆದರೂ ಅಷ್ಟು ಪ್ರಯೋಗಗಳು ಒಂದೇ ಆಗಿರಲು ಸಾಧ್ಯವಿಲ್ಲ. ಕಂಪನಿ ನಾಟಕದಲ್ಲಿ ಸಭೆಯು 'ವನ್ಸ್ ಮೋರ್' ಎಂದು ಕೂಗಿದರೆ ಹಾಡು ಮತ್ತೆ ಮೊದಲಾಗುತ್ತಿತ್ತು. ಹಾಸ್ಯನಟನು ಜನರ ನಾಡಿಯನ್ನು ಹಿಡಿದು ಮಾತನ್ನು ಬೆಳೆಸುತ್ತಿದ್ದ, ಇಲ್ಲವೆ ಮೊಟಕುಗೊಳಿಸುತ್ತಿದ್ದ. ಹೀಗೆ ಪ್ರತಿರಾತ್ರಿಯೂ ನಾಟಕದ ಒಂದಂಶವನ್ನು ಪ್ರೇಕ್ಷಕನೇ ರಚಿಸುತ್ತಿದ್ದನೆಂದರೆ ಅತಿಶಯೋಕ್ತಿಯಲ್ಲ.

ಆದರೆ ರಚಿಸುವ ಕೈಗೆ ಕೆಡಿಸುವ ಶಕ್ತಿಯೂ ಇರುತ್ತದೆ. ಮುಂದಿನ ದಿನಗಳಲ್ಲಿ ಅನೇಕ ಕಂಪನಿಗಳು ದ್ವಂದ್ವಾರ್ಥದ ಸಂಭಾಷಣೆಗೆ ಜಾರಿದವೆಂದು ನಾವೆಲ್ಲ ಹಳಹಳಿಸುತ್ತೇವೆ. ಆ ಮಾತಿಗೆ ಶಿಳ್ಳೆ ಹಾಕಿದವರು ಯಾರು? ಸಭೆಯು ಸುಮ್ಮನಿದ್ದಿದ್ದರೆ ಮರುದಿನ ಆ ಮಾತು ತಾನಾಗಿಯೇ ಉದುರಿಹೋಗುತ್ತಿತ್ತು. ನಟನನ್ನು ದೂಷಿಸಿ ನೋಡುಗನನ್ನು ಬಿಟ್ಟುಬಿಡುವ ವಿಮರ್ಶೆ ಅರ್ಧ ನ್ಯಾಯ ಮಾತ್ರ.

ಇದಕ್ಕೆ ಪ್ರತಿಯಾಗಿ ಏಣಗಿ ಬಾಳಪ್ಪನವರ ಉದಾಹರಣೆಯನ್ನು ನೆನೆಯಬೇಕು. 1914ರಲ್ಲಿ ಜನಿಸಿ 2017ರವರೆಗೆ ಬಾಳಿದ ಆ ಮಹಾನಟರು 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಬಸವಣ್ಣನವರಾಗಿ ರಂಗಕ್ಕೆ ಬಂದಾಗ ಜನರು ಕೈಮುಗಿದು ನಮಿಸುತ್ತಿದ್ದರು. ನಟನಿಗೂ ಪಾತ್ರಕ್ಕೂ ಭೇದವರಿಯದ ಮುಗ್ಧತೆಯೆಂದು ವಿದ್ಯಾವಂತರು ಇದನ್ನು ಹಗುರವಾಗಿ ಕಾಣುವುದುಂಟು. ಈ ಮಾತು ಸರಿಯಲ್ಲ. ಟಿಕೇಟು ಕೊಂಡು ಒಳಗೆ ಬಂದವನಿಗೆ ಎದುರಿಗಿರುವವರು ಬಾಳಪ್ಪನವರೆಂಬುದು ತಿಳಿದೇ ಇತ್ತು. ಆದರೂ ಆತನು ಮನೆಯಿಂದ ಬರುವಾಗಲೇ ಬಸವಣ್ಣನವರನ್ನು ಹೃದಯದಲ್ಲಿ ತುಂಬಿಕೊಂಡು ಬಂದಿದ್ದ. ನಟರ ಅಭಿನಯವು ಆ ಭಾವವನ್ನು ತಟ್ಟಿ ಎಬ್ಬಿಸಿತು. ಅಭಿನವಗುಪ್ತನು ಹೇಳುವ ಸಹೃದಯತ್ವವು ಇದಕ್ಕೆ ದೂರವಾದುದಲ್ಲ. ಕಾವ್ಯಾಭ್ಯಾಸದಿಂದ ಮನಸ್ಸೆಂಬ ಕನ್ನಡಿಯನ್ನು ಶುದ್ಧಿಗೊಳಿಸಿಕೊಂಡವನೇ ಅವನ ಸಹೃದಯ. ನಮ್ಮ ಹಳ್ಳಿಗನು ವಚನಗಳನ್ನು ಕೇಳಿ ಕೇಳಿ ಆ ಕನ್ನಡಿಯನ್ನು ಬೆಳಗಿಕೊಂಡಿದ್ದ. ಇಷ್ಟು ಮಾತ್ರ ಎಚ್ಚರ ಬೇಕು: ವಿಭೂತಿ, ರುದ್ರಾಕ್ಷಿಗಳ ವೇಷ ಕಂಡೊಡನೆ ಅಭಿನಯ ಹೇಗಿದ್ದರೂ ಕೈಮುಗಿಯುವುದು ಭಕ್ತಿಯಾಗಬಹುದು, ರಸಿಕತೆಯಾಗಲಾರದು. ಅದರಿಂದ ಕಲೆಗೂ ಲಾಭವಿಲ್ಲ, ಶರಣರಿಗೂ ಗೌರವವಿಲ್ಲ.

ಇನ್ನು ನಮ್ಮೂರುಗಳ ಕಡೆಗೆ ದೃಷ್ಟಿ ಹಾಯಿಸೋಣ. ಕಡರನಾಯಕನಹಳ್ಳಿಯೇ ಮೊದಲಾದ ಹರಿಹರ ಸೀಮೆಯ ಗ್ರಾಮಗಳಲ್ಲಿ ಜಾತ್ರೆ, ಹಬ್ಬಗಳಿಗೆ ತರುಣರು ನಾಟಕವಾಡುವುದು ಬಹುಕಾಲದ ಪರಿಪಾಠ. ಹಗಲೆಲ್ಲ ಗದ್ದೆಯಲ್ಲಿ ದುಡಿದು, ರಾತ್ರಿ ಹಾರ್ಮೋನಿಯಂ ಮಾಸ್ತರರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡಿ, ಬಾಡಿಗೆಯ ಸೀನರಿ ಕಟ್ಟಿಸಿ ಆಡುವ ಆಟವದು. ಅಲ್ಲಿ ಆಗುತ್ತಿರುವುದೇನು? ಕರುಣರಸದ ದೃಶ್ಯದ ನಡುವೆ ಆಟ ನಿಲ್ಲುತ್ತದೆ. ಅಭಿಮಾನಿಯೊಬ್ಬನು ಮೇಲೇರಿ ಪಾತ್ರಧಾರಿಯ ಎದೆಗೆ ನೋಟು ಚುಚ್ಚುತ್ತಾನೆ. ಧ್ವನಿವರ್ಧಕದಲ್ಲಿ ದಾನಿಯ ಹೆಸರು, ಮೊತ್ತ ಮೊಳಗುತ್ತವೆ. ಗಣ್ಯರು ತಡವಾಗಿ ದಯಮಾಡಿಸಿದರೆ ಅಲ್ಲಿಯೇ ಹಾರ, ಶಾಲು, ಭಾಷಣ. ಮಠಾಧೀಶರ ಆಗಮನವೂ ಇದಕ್ಕೆ ಹೊರತಲ್ಲ. ಉಡುಗೊರೆ ನೀಡುವುದು ಭರತನೇ ಒಪ್ಪಿದ ಮೆಚ್ಚುಗೆ, ನಿಜ. ಆದರೆ ಅದು ರಸದ ಉಕ್ಕಿನಲ್ಲಿ ತಾನೇ ತಾನಾಗಿ ಕೈಯಿಂದ ಜಾರಬೇಕಾದ ಉಂಗುರ, ಹೆಸರು ಕೂಗಿಸಿಕೊಳ್ಳುವುದಕ್ಕಾಗಿ ಕೊಡುವ ನೋಟಲ್ಲ. ಮೊದಲನೆಯದು ಸಿದ್ಧಿ, ಎರಡನೆಯದು ರಸವಿಘ್ನ. ಈಗ ಇದರೊಡನೆ ಮೊಬೈಲ್ ಫೋನುಗಳೂ ಸೇರಿವೆ. ನೆನಪನ್ನು ಯಂತ್ರಕ್ಕೆ ಒಪ್ಪಿಸಲು ಹೊರಟವನು ನೆನಪಿಡಬೇಕಾದ ಕ್ಷಣದಲ್ಲಿ ತಾನೇ ಅಲ್ಲಿರುವುದಿಲ್ಲ.

ಹಳ್ಳಿಗರಿಗೆ ಶಿಸ್ತು ಬಾರದೆಂದು ಕೈಚೆಲ್ಲಬೇಕಾಗಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೂ ಒಂದು ಹಳ್ಳಿಯೇ. 1997ರಿಂದ ಅಲ್ಲಿನ 'ಶಿವಸಂಚಾರ' ತಂಡವು ವರ್ಷವರ್ಷವೂ ಹೊಸ ನಾಟಕಗಳನ್ನು ಸಿದ್ಧಪಡಿಸಿ ನಾಡೆಲ್ಲ ತಿರುಗುತ್ತಿದೆ. ಅಲ್ಲಿನ ಬಯಲು ರಂಗಮಂದಿರದ ಮೆಟ್ಟಿಲುಗಳಲ್ಲಿ ಸುತ್ತಲಿನ ರೈತಾಪಿ ಜನರು ಕುಳಿತು ನಾಟಕ ನೋಡುತ್ತಾರೆ. ನೋಡುವುದೂ ಒಂದು ವಿದ್ಯೆ, ನೋಡಿ ನೋಡಿಯೇ ಅದು ಸಿದ್ಧಿಸಬೇಕೆಂಬುದಕ್ಕೆ ಆ ರಂಗಮಂದಿರವೇ ನಿದರ್ಶನ.

ಆದ್ದರಿಂದ ನಾಟಕ ಸಮಿತಿಗಳಿಗೂ ಸದ್ಭಕ್ತರಿಗೂ ನಮ್ಮ ಸೂಚನೆ ಇಷ್ಟೆ: ಕಾಣಿಕೆ, ಸನ್ಮಾನಗಳೆಲ್ಲ ಆಟದ ಮೊದಲು ಇಲ್ಲವೆ ಮಂಗಳದ ನಂತರ ನಡೆಯಲಿ. ಯಾರೇ ಬರಲಿ, ತೆರೆ ಎದ್ದ ಮೇಲೆ ಬಂದವರು ಮೌನವಾಗಿ ಸಿಕ್ಕ ಸ್ಥಳದಲ್ಲಿ ಕುಳಿತುಕೊಳ್ಳಲಿ. ನಟನ ಶ್ರಮ ಆ ರಾತ್ರಿಗೇ ಮುಗಿಯುತ್ತದೆ. ಅದು ಉಳಿಯುವುದಾದರೆ ನೋಡಿದವರ ಹೃದಯದಲ್ಲಿ ಉಳಿಯಬೇಕು. ಆ ಹೃದಯವನ್ನು ತೆರವಾಗಿಟ್ಟುಕೊಂಡು ಬರುವುದೇ ಪ್ರೇಕ್ಷಕಧರ್ಮ.